ನಿಂತ ನೀರಿನ ರೇಖೆ: ಸೇಮೂರ್ ಹೇಡನ್‌ನ ‘ಶಿಯರ್ ಮಿಲ್ ಪಾಂಡ್’

ಫ್ರಾನ್ಸಿಸ್ ಸೇಮೂರ್ ಹೇಡನ್ (1818–1910) ಲಂಡನ್ನಿನ ಶಸ್ತ್ರವೈದ್ಯ. ಎಚ್ಚಿಂಗ್ ಅವನ ಬಿಡುವಿನ ಕಲೆ. 1860ರಲ್ಲಿ ಅವನು ರಚಿಸಿದ ‘ಶಿಯರ್ ಮಿಲ್ ಪಾಂಡ್’ ಚಿತ್ರದ ವಸ್ತು, ಸರ್ರೆಯ ಶಿಯರ್ ಗ್ರಾಮದಲ್ಲಿ ಟಿಲ್ಲಿಂಗ್‌ಬೋರ್ನ್ ಹೊಳೆಯ ನೀರು ಗಿರಣಿಗಾಗಿ ತಂಗುವ ಕೊಳ. ಚಿತ್ರಕಾರ ಕ್ಲಾಡ್ ಲೊರೈನ್‌ನ ಒಂದು ಕೃತಿಯನ್ನು ಬಿಟ್ಟರೆ ಜಗತ್ತಿನ ನಿಸರ್ಗದೃಶ್ಯದ ಎಚ್ಚಿಂಗ್‌ಗಳಲ್ಲಿ ಇದೇ ಶ್ರೇಷ್ಠವೆಂದು ವಿಮರ್ಶಕ ಫಿಲಿಪ್ ಗಿಲ್ಬರ್ಟ್ ಹ್ಯಾಮರ್ಟನ್ ಬರೆದ. ಮಾತು ಅತಿಯಾಯಿತು ಎನಿಸಬಹುದು. ನೀರಿನ ಚಿತ್ರಣದ ಮಟ್ಟಿಗಾದರೂ ಅದನ್ನು ಒಪ್ಪಲು ಕಾರಣವಿದೆ.

ಎಚ್ಚಿಂಗ್‌ನಲ್ಲಿ ಬಿಳಿ ಬಣ್ಣವಿಲ್ಲ. ಇರುವುದು ಮಸಿ ತಾಗದ ಕಾಗದ. ಮೇಣ ಲೇಪಿಸಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀಚಿದಲ್ಲೆಲ್ಲ ಆಮ್ಲ ಲೋಹವನ್ನು ಕೊರೆಯುತ್ತದೆ. ಹೆಚ್ಚು ಹೊತ್ತು ಕೊರೆದ ಗೆರೆ ಹೆಚ್ಚು ಮಸಿ ಹಿಡಿಯುತ್ತದೆ. ಹೇಡನ್ ಇಲ್ಲಿ ದಟ್ಟ ಗೆರೆಗಳನ್ನು ಮರಗಳಿಗೂ ಅವುಗಳ ನೆರಳಿಗೂ ಕೊಟ್ಟು, ಕೊಳದ ನಡುವೆ ಕಾಗದವನ್ನು ಬೆಳಕಿಗೆ ಬಿಟ್ಟಿದ್ದಾನೆ. ಪ್ರತಿಬಿಂಬವನ್ನು ಮರದ ತದ್ರೂಪವಾಗಿಸದೆ, ಮೇಲಿನ ಎಲೆಗಳ ಗೊಂದಲವನ್ನು ನೀರಿನಲ್ಲಿ ಸಡಿಲಿಸಿದ್ದಾನೆ. ಮೇಲೇಳುತ್ತಿರುವ ಬಾತುಕೋಳಿ ಈ ನಿಶ್ಚಲತೆಯನ್ನು ಕೆಡಿಸುವುದಿಲ್ಲ. ಚಲನೆ ಅದೊಂದರಲ್ಲೇ ಕೂಡಿಕೊಂಡಿರುವುದರಿಂದ ಸುತ್ತಲ ನೀರು ಇನ್ನಷ್ಟು ಸ್ತಬ್ಧವಾಗಿ ತೋರುತ್ತದೆ.

ಇದೇ ಹೊಳೆ ಕೆಳಗೆ ಚಿಲ್‌ವರ್ತ್‌ನಲ್ಲಿ ಹದಿನೇಳನೆಯ ಶತಮಾನದಿಂದಲೇ ಸಿಡಿಮದ್ದಿನ ಗಿರಣಿಗಳನ್ನು ತಿರುಗಿಸುತ್ತಿತ್ತು. ಹೇಡನ್‌ನ ಹೆಂಡತಿಯ ಮಲಸೋದರ, ಕಲಾವಿದ ವಿಸ್ಲರ್ 1859ರಲ್ಲಿ ಥೇಮ್ಸ್ ದಂಡೆಯ ಕಟ್ಟೆ, ಗೋದಾಮು, ದೋಣಿಯವರನ್ನು ಚಿತ್ರಿಸಿದ್ದ. ದುಡಿಯುವ ನೀರು ಹೇಡನ್‌ನ ಕಾಲಕ್ಕೆ ಅಪರೂಪವಾಗಿರಲಿಲ್ಲ. ಗಿರಣಿಯ ನೀರನ್ನೇ ಚಿತ್ರಿಸುವಾಗಲೂ ಅವನು ಆರಿಸಿದ್ದು ಅದು ತಂಗಿದ ಗಳಿಗೆಯನ್ನು.

ಅವನು ನೆಚ್ಚಿಕೊಂಡ ಒಂದು ವಿಧಾನದಲ್ಲಿ ತಗಡು ಆಮ್ಲದಲ್ಲಿ ಮುಳುಗಿರುವಾಗಲೇ ಕೆಲಸ ಸಾಗುತ್ತಿತ್ತು: ಕಡುಗಪ್ಪು ಗೆರೆಗಳು ಮೊದಲು, ತೀರ ತೆಳುವಾದವು ಕೊನೆಗೆ. ಬರೆದ ಕ್ರಮವೇ ಗೆರೆಯ ಆಳವಾಗುವ ಈ ಬಗೆ, ತಿದ್ದುಪಡಿಗೆ ಅವಕಾಶ ಕಡಿಮೆಯಿರುವ ಶಸ್ತ್ರವೈದ್ಯನ ಕೈಗೆ ಒಗ್ಗಿದ್ದು ಸಹಜ.

ಹೇಡನ್ ಬಳಸಿದ್ದು ಈ ವಿಧಾನವೊಂದನ್ನೇ ಅಲ್ಲ: ನದಿಸಂಜೆಯ ಚಿತ್ರವಾದ 1863ರ ‘ಸನ್‌ಸೆಟ್ ಇನ್ ಐರ್ಲೆಂಡ್’ ಡ್ರೈಪಾಯಿಂಟ್ ಕೃತಿ. ಡ್ರೈಪಾಯಿಂಟ್‌ನಲ್ಲಿ ಆಮ್ಲವಿಲ್ಲ; ಸೂಜಿ ನೇರವಾಗಿ ತಾಮ್ರವನ್ನು ಗೀರಿದಾಗ ಅಂಚಿನಲ್ಲಿ ಏಳುವ ಲೋಹದ ತುರಿಯೇ ಮಸಿ ಹಿಡಿದು ಮಖಮಲ್ಲಿನಂಥ ಕಪ್ಪು ಕೊಡುತ್ತದೆ. ಕೆಲವೇ ಪ್ರತಿಗಳ ನಂತರ ಆ ತುರಿ ಸವೆಯುತ್ತದೆ. ಹೀಗಾಗಿ ಹೇಡನ್‌ನ ಇಂಥ ಚಿತ್ರಗಳ ಬಗ್ಗೆ ಬರೆಯುವವರು, ಯಾವ ಹಂತದ ಪ್ರತಿಯನ್ನು ನೋಡಿದ್ದೇವೆಂದು ಮೊದಲು ಹೇಳಬೇಕಾಗುತ್ತದೆ.