ಕುರುಮಾನಿನ ಮಾಫಟ್ ದಂಪತಿಗಳ ದಿನಚರಿ

ಕ್ರೈಸ್ತ ಮಿಷನ್ನುಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಗ್ರಂಥಾನುವಾದ, ಅಚ್ಚುಕೂಟದ ಸ್ಥಾಪನೆ, ಮತಾಂತರಗೊಂಡವರ ಸಂಖ್ಯೆ ಇವುಗಳನ್ನೇ ಮುಖ್ಯವೆಂದು ಭಾವಿಸಿದ್ದಾರೆ. ಪ್ರಚಾರಕನ ಮನೆಯಲ್ಲಿ ಬೆಳಗಿನಿಂದ ಇರುಳಿನವರೆಗೆ ಏನು ನಡೆಯುತ್ತಿತ್ತು, ಆ ಕೆಲಸವನ್ನು ಯಾರು ಮಾಡುತ್ತಿದ್ದರು ಎಂಬುದು ಅವರ ಗ್ರಂಥಗಳಲ್ಲಿ ಪ್ರಾಸಂಗಿಕವಾಗಿ ಬಂದು ಹೋಗುತ್ತದೆ. ದಕ್ಷಿಣ ಆಫ್ರಿಕದ ಕುರುಮಾನಿನಲ್ಲಿ ಸುಮಾರು ಅರ್ಧ ಶತಮಾನ ಕಳೆದು, ಅಲ್ಲಿಯೇ ಮುಪ್ಪನ್ನು ಕಂಡ ರಾಬರ್ಟ್ ಮಾಫಟ್ ಮತ್ತು ಮೇರಿ ಮಾಫಟ್ ದಂಪತಿಗಳ ವಿಷಯದಲ್ಲಿ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಳ್ಳಲು ಸಾಧ್ಯವಿದೆ. ಅವರ ಪತ್ರಗಳು ಉಳಿದು ಬಂದಿವೆ. ಮಗ ಜಾನ್ ಸ್ಮಿತ್ ಮಾಫಟನು 1885ರಲ್ಲಿ ತಂದೆತಾಯಿಗಳಿಬ್ಬರ ಜೀವನಚರಿತ್ರೆಯನ್ನು ಪ್ರಕಟಿಸಿದನು. 1820ರಿಂದ 1828ರವರೆಗಿನ ದಿನಚರಿ ಮತ್ತು ಪತ್ರಗಳನ್ನು ಐಸಾಕ್ ಶಪೇರಾ ಎಂಬ ಮಾನವಶಾಸ್ತ್ರಜ್ಞನು 1951ರಲ್ಲಿ ಸಂಪಾದಿಸಿದನು. ಇವರನ್ನು ಕಳುಹಿಸಿದ್ದು ಲಂಡನ್ ಮಿಷನರಿ ಸೊಸೈಟಿ. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲಿನ ಕನ್ನಡ ಅನುವಾದಕ್ಕೆ ತೊಡಗಿದ ಜಾನ್ ಹ್ಯಾಂಡ್ಸನೂ ಇದೇ ಸಂಘದವನಾದುದರಿಂದ ಈ ವಿಷಯ ನಮಗೆ ತೀರ ಹೊರಗಿನದಲ್ಲ.

ಇಬ್ಬರೂ ಹುಟ್ಟಿದ್ದು 1795ರಲ್ಲಿ. ರಾಬರ್ಟನು ಸ್ಕಾಟ್ಲೆಂಡಿನ ಆರ್ಮಿಸ್ಟನ್ ಗ್ರಾಮದವನು, ಕಸುಬಿನಿಂದ ತೋಟಗಾರ. ಇಂಗ್ಲೆಂಡಿನ ಡಕಿನ್‌ಫೀಲ್ಡಿನಲ್ಲಿ ಮೇರಿಯ ತಂದೆಯ ಸಸಿತೋಟದಲ್ಲಿ ದುಡಿಯುತ್ತಿದ್ದಾಗ ಅವಳ ಪರಿಚಯವಾಯಿತು. ಅವನು 1817ರ ಆರಂಭದಲ್ಲಿ ಕೇಪ್‌ಟೌನಿಗೆ ಬಂದನು. ಅವಳು ಎರಡು ವರ್ಷಗಳ ಮೇಲೆ ಒಬ್ಬಳೇ ಹಡಗು ಹತ್ತಿ ಬಂದಳು. 1819ರ ಡಿಸೆಂಬರ್ 27ರಂದು ಅಲ್ಲಿಯೇ ವಿವಾಹವಾಯಿತು. 1824ರಲ್ಲಿ ಮಿಷನ್ನಿನ ಠಾಣೆ ಕುರುಮಾನ್ ಕಣಿವೆಗೆ ಬದಲಾಯಿತು. ಬರಗಾಲದಲ್ಲಿಯೂ ಬತ್ತದ ದೊಡ್ಡದೊಂದು ಚಿಲುಮೆ ಅಲ್ಲಿದ್ದುದೇ ಇದಕ್ಕೆ ಕಾರಣ. ತೋಟಗಾರನ ಕಣ್ಣಿಗೆ ಈ ನೀರು ಮೊದಲು ಬಿದ್ದಿತೆಂದರೆ ಆಶ್ಚರ್ಯವಿಲ್ಲ. ಕಾಲುವೆ ತೋಡಿ ಗೋಧಿ, ದ್ರಾಕ್ಷಿ, ಹಣ್ಣಿನ ಗಿಡಗಳನ್ನು ಬೆಳೆಸಿದರು. ಆದರೆ ಈ ನೀರಿನ ಕಥೆ ಇಷ್ಟು ಸರಳವಲ್ಲ. ತ್ಸ್ವಾನ ಜನರಲ್ಲಿ ಬೇಸಾಯ ಹೆಂಗಸರ ಕೆಲಸವಾಗಿತ್ತು. ಮೊದಲ ವರ್ಷಗಳಲ್ಲಿ ಅವರು ಮಿಷನ್ನಿನ ಕಾಲುವೆಯ ನೀರನ್ನು ಮೇಲುಗಡೆಯೇ ತಮ್ಮ ಹೊಲಗಳಿಗೆ ತಿರುಗಿಸಿಕೊಳ್ಳುತ್ತಿದ್ದರೆಂದು ಮಾಫಟನೇ ದೂರಿದ್ದಾನೆ. ನೀರು ಯಾರದೆಂಬ ಪ್ರಶ್ನೆಯನ್ನು ಅವನು ಕೇಳಿಕೊಂಡಂತೆ ಕಾಣುವುದಿಲ್ಲ. ಆ ಹೆಂಗಸರು ಕೇಳಿದ್ದರು.

ಮೇರಿಯ ಪತ್ರಗಳಲ್ಲಿ ಕನ್ನಡ ಓದುಗರನ್ನು ಥಟ್ಟನೆ ಹಿಡಿದು ನಿಲ್ಲಿಸುವ ಸಂಗತಿಯೊಂದಿದೆ. ಮನೆಯ ನೆಲವನ್ನು ವಾರಕ್ಕೊಮ್ಮೆ ಸಗಣಿಯಿಂದ ಸಾರಿಸುವ ಪದ್ಧತಿಯನ್ನು ಅವಳು ಇಂಗ್ಲೆಂಡಿನ ತವರಿಗೆ ವಿವರಿಸಿ ಬರೆಯುತ್ತಾಳೆ. ಮೊದಲು ಹೇಸಿಕೆಯೆನಿಸಿದ್ದು ಕೆಲಕಾಲದಲ್ಲಿಯೇ ಶನಿವಾರ ಎಂದು ಬರುವುದೋ ಎಂದು ಕಾಯುವಷ್ಟು ಪ್ರಿಯವಾಯಿತು. ಧೂಳು ಅಡಗುತ್ತದೆ, ಚಿಗಟ ಸಾಯುತ್ತದೆ, ತಿಳಿ ಹಸುರು ಬಣ್ಣ ಕಣ್ಣಿಗೆ ಹಿತವಾಗಿರುತ್ತದೆ ಎಂದು ಅವಳ ಅಭಿಪ್ರಾಯ. ನಮ್ಮ ಹಳ್ಳಿಯ ಯಾವ ಗೃಹಿಣಿಯೂ ಇದಕ್ಕೆ ಬೇರೆ ಕಾರಣ ಕೊಡಲಾರಳು. ಜೀನ್ ಮತ್ತು ಜಾನ್ ಕೊಮಾರಾಫ್ ವಿದ್ವಾಂಸರು ತ್ಸ್ವಾನ ನಾಡಿನ ಮಿಷನ್ನುಗಳನ್ನು ಕುರಿತ ತಮ್ಮ ಬೃಹದ್ಗ್ರಂಥದಲ್ಲಿ (ಮೊದಲ ಸಂಪುಟ 1991, ಎರಡನೆಯದು 1997) ಉಡುಪು, ಮನೆ, ನೇಗಿಲು ಮುಂತಾದ ನಿತ್ಯದ ವಸ್ತುಗಳ ಮೂಲಕವೇ ಸಾಮ್ರಾಜ್ಯದ ಜೀವನಕ್ರಮ ಆ ಜನರ ಮನಸ್ಸನ್ನು ಪ್ರವೇಶಿಸಿತೆಂದು ವಾದಿಸಿದ್ದಾರೆ. ಈ ವಾದದಲ್ಲಿ ಸತ್ಯಾಂಶ ಬಹಳವಿದೆ. ಮೇರಿಯು ನಡೆಸಿದ ಹೊಲಿಗೆಯ ಶಾಲೆಯೇ ಇದಕ್ಕೆ ಸಾಕ್ಷಿ. ಮೈಗೆ ಬಳಿದುಕೊಳ್ಳುತ್ತಿದ್ದ ಕೊಬ್ಬನ್ನು ಹೊಸ ಕ್ರೈಸ್ತರು ರಾತ್ರಿ ಓದುವುದಕ್ಕೆ ಬತ್ತಿ ಎರೆಯಲು ಕೂಡಿಡತೊಡಗಿದರೆಂದು ಮಾಫಟನು ಹೆಮ್ಮೆಯಿಂದ ಹೇಳಿರುವುದೂ ಇದನ್ನೇ ತೋರಿಸುತ್ತದೆ. ಆದರೆ ಆ ಮನೆಯ ನೆಲ ಬೇರೊಂದು ಮಾತನ್ನು ಹೇಳುತ್ತದೆಂದು ನಮಗೆ ತೋರುತ್ತದೆ. ಇಂಗ್ಲಿಷ್ ಗೃಹಸ್ಥ ಜೀವನದ ಮಾದರಿಯಾಗಬೇಕಾಗಿದ್ದ ಮನೆಯೇ ಆ ನಾಡಿನ ರೀತಿಯನ್ನು ಕಲಿಯಿತು. ಇನ್ನೊಂದು ಅಂಶವನ್ನೂ ಗಮನಿಸಬೇಕು. ತಾನೇ ಕೈಯಾರೆ ಸಾರಿಸಿದೆನೆಂದು ಮೇರಿಯು ಎಲ್ಲಿಯೂ ಹೇಳುವುದಿಲ್ಲ. ಮಾಡಿಸಿದರೆ ಹಿತವಾಗುತ್ತದೆಂಬ ಧಾಟಿ ಅವಳದು. ಸಾರಿಸಿದ ಕೈಗಳ ಹೆಸರು ಆ ಪತ್ರದಲ್ಲಿಲ್ಲ.

ರಾಬರ್ಟನ ದಿನವೂ ಹೀಗೆಯೇ ಹರಿದು ಹಂಚಿಹೋಗಿತ್ತು. ಬೋಧನೆ, ಪಾಠಶಾಲೆ ಇವುಗಳ ನಡುವೆ ಕುಲುಮೆಯ ಕೆಲಸ, ಬಡಗಿಯ ಕೆಲಸ, ಹಲ್ಲು ಕೀಳುವುದು, ಔಷಧ ಕೊಡುವುದು ಎಲ್ಲವೂ ಅವನ ಪಾಲಿಗೆ ಬಂದಿದ್ದವು. ಲೂಕನ ಸುವಾರ್ತೆ 1830ರಲ್ಲಿ ಕೇಪ್‌ಟೌನಿನಲ್ಲಿ ತ್ಸ್ವಾನ ಭಾಷೆಯಲ್ಲಿ ಅಚ್ಚಾಯಿತು. ಅಲ್ಲಿ ಮುದ್ರಣವನ್ನು ಕಲಿತ ಅವನು ಮರುವರ್ಷ ಅಚ್ಚಿನ ಯಂತ್ರವೊಂದನ್ನು ಎತ್ತಿನ ಬಂಡಿಯಲ್ಲಿ ಕುರುಮಾನಿಗೆ ತಂದನು. ಹೊಸ ಒಡಂಬಡಿಕೆ 1840ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಹಳೆಯ ಒಡಂಬಡಿಕೆ ಮುಗಿದದ್ದು 1857ರಲ್ಲಿ, ಅವನ ಅರವತ್ತೆರಡನೆಯ ವರ್ಷದಲ್ಲಿ. ಮುದ್ರಣದಲ್ಲಿ ವಿಲಿಯಂ ಆಷ್ಟನ್ ಎಂಬ ಸಹೋದ್ಯೋಗಿಯ ನೆರವಿತ್ತು. ಈ ಕೊನೆಯ ವರ್ಷಗಳಲ್ಲಿ ಮಾಫಟನಿಗೆ ತಲೆಯಲ್ಲಿ ಮೊರೆತ, ನಿದ್ರಾಭಂಗ. ಕಡೆಯ ಪದವನ್ನು ಬರೆದಾಗ ಉಂಟಾದದ್ದು ಸಂತೋಷಕ್ಕಿಂತ ಹೆಚ್ಚಾಗಿ ದಿಗ್ಭ್ರಮೆಯೆಂದೂ ಮೊಣಕಾಲೂರಿದ ಮೇಲೆಯೇ ಅದು ಶಮನವಾಯಿತೆಂದೂ ಅವನೇ ಮುಂದೆ ಹೇಳಿಕೊಂಡನು. ಮೂಲ ವಾಕ್ಯವನ್ನು ಕೇಳಿ ತಿದ್ದಿದ, ಸರಿಯಾದ ತ್ಸ್ವಾನ ಮಾತನ್ನು ಹುಡುಕಿಕೊಟ್ಟ ಸ್ಥಳೀಯರಿಲ್ಲದೆ ಇಂಥ ಕೆಲಸ ನಡೆಯುವುದಿಲ್ಲ. ಆದರೂ ಗ್ರಂಥಕ್ಕೆ ಅಂಟಿದ್ದು ಒಬ್ಬನ ಹೆಸರೇ.

ಅನುವಾದ ಮುಗಿದ ಮೇಲೂ ವಿಶ್ರಾಂತಿ ದೊರೆಯಲಿಲ್ಲ. 1859ರಲ್ಲಿ ಮಾಫಟನು ಉತ್ತರಕ್ಕೆ ಎಂಡಬೆಲೆ ದೊರೆ ಮ್ಜಿಲಿಕಾಜಿಯ ನಾಡಿಗೆ ಐದನೆಯ ಸಲ ಹೋಗಿ ಇನ್ಯಾತಿಯಲ್ಲಿ ಹೊಸ ಠಾಣೆ ಕಟ್ಟಲು ನಿಂತನು. ಆಗ ಅವನಿಗೆ ಅರವತ್ತನಾಲ್ಕು. ಮರ ಕೊಯ್ಯುವುದರಲ್ಲಿ, ಕಬ್ಬಿಣ ಬಡಿಯುವುದರಲ್ಲಿ ಕಿರಿಯರಿಗಿಂತ ಮುಂದಿದ್ದನು. ಅಷ್ಟು ತಿಂಗಳೂ ಕುರುಮಾನಿನ ಮನೆಯನ್ನು ನಡೆಸಿದವಳು ಮೇರಿ. ಅಂಚೆಯೆಂದರೆ ಆ ದಾರಿಯಲ್ಲಿ ಬರುವ ಬಂಡಿಗಳೇ. ಸುದ್ದಿ ತಲಪಲು ತಿಂಗಳುಗಳು ಬೇಕಾಗುತ್ತಿದ್ದವು.

ಮೇರಿಯನ್ನು ಕೇವಲ ಸಹನಾಮೂರ್ತಿಯಾಗಿ ಚಿತ್ರಿಸುವುದು ಮಿಷನ್ ಸಾಹಿತ್ಯದ ರೂಢಿ. 1851ರಲ್ಲಿ ಅಳಿಯ ಡೇವಿಡ್ ಲಿವಿಂಗ್‌ಸ್ಟನನಿಗೆ ಅವಳು ಬರೆದ ಪತ್ರ ಈ ಚಿತ್ರಕ್ಕೆ ಒಗ್ಗುವುದಿಲ್ಲ. ತುಂಬು ಬಸುರಿಯಾದ ಮಗಳನ್ನೂ ಎಳೆಯ ಮಕ್ಕಳನ್ನೂ ನೀರಿಲ್ಲದ ಕಾಡುದಾರಿಯಲ್ಲಿ ಕರೆದೊಯ್ಯುವ ಅವನ ಯೋಚನೆಯನ್ನು ಅವಳು ನಿಷ್ಠುರವಾಗಿ ಖಂಡಿಸಿದಳು. ಹಿಂದಿನ ವರ್ಷ ತೀರಿಕೊಂಡ ಕೂಸನ್ನೂ ನೆನಪಿಸಿದಳು. ಲಿವಿಂಗ್‌ಸ್ಟನನು ಪತ್ರವನ್ನು ತನ್ನ ದಿನಚರಿಯಲ್ಲಿ ನಕಲು ಮಾಡಿಕೊಂಡನು; ಪ್ರಯಾಣವನ್ನು ಮಾತ್ರ ನಿಲ್ಲಿಸಲಿಲ್ಲ. 1858ರಲ್ಲಿ ಆ ಮಗಳು ಕುರುಮಾನಿನ ಮನೆಗೆ ಬಂದು ಅಲ್ಲಿಯೇ ಹೆತ್ತಳು. 1862ರ ಏಪ್ರಿಲಿನಲ್ಲಿ ಜಾಂಬೆಜಿ ನದೀತೀರದ ಶುಪಾಂಗದಲ್ಲಿ ಜ್ವರದಿಂದ ಸತ್ತಳು. ಅದೇ ವರ್ಷ ಮಗ ರಾಬರ್ಟನೂ ತೀರಿಕೊಂಡನು. 1866ರಲ್ಲಿ ಇನ್ನೊಬ್ಬ ಅಳಿಯ, ಫ್ರೆಂಚ್ ಮಿಷನರಿ ಫ್ರೆಡೂ, ಸಿಡಿಮದ್ದಿನ ಸ್ಫೋಟದಲ್ಲಿ ಮೃತನಾದನು. ಎಪ್ಪತ್ತರ ಗಡಿಯ ಮುದುಕರ ಕಣ್ಣೆದುರಿಗೆ ವಿಧವೆಯಾದ ಮಗಳು, ತಬ್ಬಲಿ ಮೊಮ್ಮಕ್ಕಳು.

ದೇಶಕ್ಕೆ ಮರಳುವಂತೆ ಸಂಘವು ಒತ್ತಾಯಿಸುತ್ತ ಬಂದರೂ ಇಬ್ಬರೂ ಹಿಂದೆಮುಂದೆ ನೋಡಿದರು. ಇಲ್ಲಿ ನಾವು ಭಕ್ತಿಯೊಂದನ್ನೇ ಕಾರಣವಾಗಿ ಹೇಳಲಾರೆವು. 1839ರಿಂದ 1843ರವರೆಗಿನ ಒಂದು ವಾಸವನ್ನು ಬಿಟ್ಟರೆ ಇಂಗ್ಲೆಂಡನ್ನು ಅವರು ಕಂಡೇ ಇರಲಿಲ್ಲ; ಮನೆಯೆಂದರೆ ಅವರಿಗೆ ಕುರುಮಾನೇ ಆಗಿತ್ತು. ಕೊನೆಗೆ ಮಗ ಜಾನನಿಗೆ ಠಾಣೆಯನ್ನೊಪ್ಪಿಸಿ, 1870ರ ಮಾರ್ಚ್ 20ರ ಭಾನುವಾರ ಮಾಫಟನು ಕಡೆಯ ಉಪದೇಶ ಮಾಡಿದನು. ಅದೇ ವಾರ ಬಂಡಿ ಹೊರಟಿತು. ಇಬ್ಬರಿಗೂ ಎಪ್ಪತ್ತನಾಲ್ಕು ವರ್ಷ. ಕೈಹಿಡಿದು ಬೀಳ್ಕೊಡಲು ಮನೆಯ ಬಾಗಿಲಿನಿಂದ ಬಂಡಿಯವರೆಗೆ ಜನ ನೆರೆದಿದ್ದರೆಂದು ಮಗನು ಬರೆದಿದ್ದಾನೆ.

ಇಂಗ್ಲೆಂಡಿನ ಮೊದಲನೆಯ ಚಳಿಗಾಲವನ್ನೇ ಮೇರಿಯು ದಾಟಲಿಲ್ಲ. 1871ರ ಜನವರಿಯಲ್ಲಿ ಬ್ರಿಕ್ಸ್‌ಟನ್ನಿನಲ್ಲಿ ತೀರಿಕೊಂಡಳು. ರಾಬರ್ಟನು 1883ರವರೆಗೆ ಬದುಕಿದ್ದನು. ಅವಳ ಉಸಿರು ನಿಂತಿದೆಯೆಂದು ತಿಳಿದಾಗ, ಐವತ್ತಮೂರು ವರ್ಷ ತನಗಾಗಿ ಪ್ರಾರ್ಥಿಸಲು ಅವಳಿದ್ದಳು ಎಂಬ ಮಾತು ಅವನ ಬಾಯಿಂದ ಬಂದಿತಂತೆ. ಮದುವೆಯಾಗಿ ಐವತ್ತೊಂದೇ ವರ್ಷವಾಗಿತ್ತು; ಅವಳು ಸಮುದ್ರದಾಚೆ ಒಬ್ಬಳೇ ಕಾದಿದ್ದ ಕಾಲವನ್ನೂ ಅವನು ಲೆಕ್ಕಕ್ಕೆ ಸೇರಿಸಿಕೊಂಡಿದ್ದನು.