ಗ್ಯಾಲಕ್ಸಿಗಳ ಕಾಂತಕ್ಷೇತ್ರದ ಉಗಮ

ನಕ್ಷತ್ರಗಳ ನಡುವಣ ಎಡೆಯನ್ನು ಶೂನ್ಯವೆಂದು ಬಗೆಯುವ ರೂಢಿ ಹಳೆಯದಾದರೂ, ಅಲ್ಲಿ ಅತಿ ವಿರಳವಾದ ಅನಿಲವೂ ಧೂಳೂ ವಿಶ್ವಕಿರಣಗಳೂ ಹಬ್ಬಿಕೊಂಡಿರುವುದಲ್ಲದೆ, ಇವೆಲ್ಲವನ್ನೂ ಹೊಕ್ಕು ಬಳಸಿದ ಕಾಂತಕ್ಷೇತ್ರವೊಂದೂ ಇರುವುದೆಂಬುದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ನಿಶ್ಚಿತವಾಯಿತು. ನಮ್ಮ ಆಕಾಶಗಂಗೆಯಲ್ಲಿ, ಸೂರ್ಯನ ನೆರೆಹೊರೆಯಲ್ಲಿ, ಅದರ ಬಲ ಐದಾರು ಮೈಕ್ರೋಗಾಸ್ ಮಾತ್ರ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕ್ಷೇತ್ರದ ಲಕ್ಷದಲ್ಲೊಂದು ಪಾಲಿನಷ್ಟು. ಆದರೆ ಅದನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ: ಅಷ್ಟೇ ಎಡೆಯಲ್ಲಿರುವ ವಿಶ್ವಕಿರಣಗಳ ಶಕ್ತಿಗೂ ಅನಿಲದ ಕ್ಷೋಭೆಯ ಶಕ್ತಿಗೂ ಅದರ ಶಕ್ತಿ ಹೆಚ್ಚುಕಡಮೆ ಸರಿದೂಗುತ್ತದೆ.

ಈ ಕ್ಷೇತ್ರದ ಕುರುಹು ದೊರೆತದ್ದು ಬೇರೊಂದನ್ನು ಅರಸಹೊರಟವರಿಗೆ. ಅತ್ಯುಷ್ಣ ನಕ್ಷತ್ರಗಳ ಅಂಚಿನಿಂದ ಹೊರಡುವ ಬೆಳಕು ಧ್ರುವೀಕೃತವಾಗಿರಬೇಕೆಂದು, ಎಂದರೆ ಅದರ ಕಂಪನ ಒಂದು ದಿಕ್ಕಿಗೆ ಓಲಿರಬೇಕೆಂದು, ಸುಬ್ರಹ್ಮಣ್ಯನ್ ಚಂದ್ರಶೇಖರರು 1946ರಲ್ಲಿ ಗಣಿತದಿಂದ ತೋರಿಸಿದ್ದರು. ಅವಳಿ ನಕ್ಷತ್ರಗಳಲ್ಲಿ ಒಂದು ಮತ್ತೊಂದನ್ನು ಮರೆಮಾಡಿ ಅಂಚು ಮಾತ್ರ ಕಾಣುವ ಗ್ರಹಣಕಾಲವೇ ಅದನ್ನು ಪರೀಕ್ಷಿಸಲು ತಕ್ಕ ಸಮಯವಾಗಿತ್ತು. ವಿಲಿಯಂ ಹಿಲ್ಟ್ನರ್ ಟೆಕ್ಸಾಸಿನ ಮೆಕ್‌ಡೊನಾಲ್ಡ್ ವೀಕ್ಷಣಾಲಯದಲ್ಲಿ ಈ ಪರೀಕ್ಷೆಗೆ ತೊಡಗಿದಾಗ ಬೆಳಕೇನೋ ಧ್ರುವೀಕೃತವಾಗಿಯೇ ಕಂಡಿತು. ಆದರೆ ಗ್ರಹಣ ಬಿಟ್ಟ ಮೇಲೂ ಅದು ಹಾಗೆಯೇ ಉಳಿಯಿತು. ಅಮೆರಿಕದ ನೌಕಾ ವೀಕ್ಷಣಾಲಯದ ಜಾನ್ ಹಾಲ್ ಅವರಿಗೂ ಇಂಥದೇ ಅನುಭವ. ಆಕಾಶದಲ್ಲಿ ನೆರೆಯಾಗಿರುವ ತಾರೆಗಳ ಬೆಳಕು ಒಂದೇ ದಿಕ್ಕಿಗೆ ಓಲಿರುವುದನ್ನೂ, ಹಾದಿಯಲ್ಲಿ ಧೂಳು ಹೆಚ್ಚಿದಷ್ಟೂ ಈ ಗುಣ ಹೆಚ್ಚಬಲ್ಲುದನ್ನೂ ನೋಡಿದಾಗ, ಇದು ನಕ್ಷತ್ರದ ಗುಣವಲ್ಲ, ಬೆಳಕು ನಡೆದುಬಂದ ದಾರಿಯ ಗುಣವೆಂಬುದು ಸ್ಪಷ್ಟವಾಯಿತು. ಇಬ್ಬರ ವರದಿಗಳೂ 1949ರಲ್ಲಿ ಪ್ರಕಟವಾದುವು. ನೀಳವಾದ ಧೂಳಿನ ಕಣಗಳು ತಿರುಗುತ್ತ ತಿರುಗುತ್ತ ಕಾಂತರೇಖೆಗಳಿಗೆ ಅಡ್ಡಲಾಗಿ ಸಾಲುಗೊಳ್ಳುತ್ತವೆ ಎಂಬ ವಿವರಣೆಯನ್ನು 1951ರಲ್ಲಿ ಡೇವಿಸ್ ಮತ್ತು ಗ್ರೀನ್‌ಸ್ಟೈನ್ ಒದಗಿಸಿದರು. ಎರಡು ವರ್ಷಗಳ ತರುವಾಯ, ಯಾರ ಲೆಕ್ಕವನ್ನು ಪರೀಕ್ಷಿಸುವ ನೆಪದಲ್ಲಿ ಇದೆಲ್ಲ ಹೊರಬಿತ್ತೋ ಆ ಚಂದ್ರಶೇಖರರೇ ಎನ್ರಿಕೊ ಫರ್ಮಿಯೊಡಗೂಡಿ, ಧ್ರುವೀಕರಣದ ದಿಕ್ಕುಗಳಲ್ಲಿನ ಅಲ್ಪಸ್ವಲ್ಪ ಏರುಪೇರಿನಿಂದಲೇ ಕ್ಷೇತ್ರದ ಬಲವನ್ನು 7 ಮೈಕ್ರೋಗಾಸ್ ಎಂದು ಅಂದಾಜು ಮಾಡಿದರು. ಇಂದಿನ ಮಾಪನಗಳಿಗೆ ಅದು ಎಷ್ಟು ಸಮೀಪವಾಗಿದೆಯೆಂಬುದು ಈಗಲೂ ಬೆರಗು ಹುಟ್ಟಿಸತಕ್ಕ ಸಂಗತಿ.

ಕ್ಷೇತ್ರವು ಇದೆಯೆಂದಾದ ಮೇಲೆ, ಅದು ಬಂದದ್ದೆಲ್ಲಿಂದ ಎಂಬ ಪ್ರಶ್ನೆ ತಾನಾಗಿ ಎದ್ದಿತು. ವಿದ್ಯುದ್ವಾಹಕವಾದ ಅನಿಲದಲ್ಲಿ ಕಾಂತರೇಖೆಗಳು ಹೆಪ್ಪುಗಟ್ಟಿದಂತೆ ಅಂಟಿಕೊಂಡು ಅನಿಲ ಹೋದೆಡೆಗೆಲ್ಲ ಹೋಗುತ್ತವೆಂದು ಸ್ವೀಡನ್ನಿನ ಹಾನೆಸ್ ಆಲ್ಫ್‌ವೆನ್ 1940ರ ದಶಕದಲ್ಲಿ ಪ್ರತಿಪಾದಿಸಿದ್ದರು. ಹಾಗಿದ್ದಲ್ಲಿ, ವಿಶ್ವದ ಆದಿಯಲ್ಲಿದ್ದ ಕ್ಷೇತ್ರವೇ ಅನಿಲದೊಡನೆ ಕುಗ್ಗಿ ಗ್ಯಾಲಕ್ಸಿಗೆ ಪಿತ್ರಾರ್ಜಿತವಾಗಿ ಬಂದಿರಬಾರದೇಕೆ? ಈ ಸರಳ ಉತ್ತರಕ್ಕೆ ಗ್ಯಾಲಕ್ಸಿಯ ತಿರುಗಾಟವೇ ಅಡ್ಡಿಯಾಯಿತು. ಕೇಂದ್ರಕ್ಕೆ ಹತ್ತಿರದ ಭಾಗಗಳು ಬೇಗ ಸುತ್ತುತ್ತವೆ, ದೂರದವು ಹಿಂದುಳಿಯುತ್ತವೆ. ಸೂರ್ಯನಿಗೆ ಒಂದು ಸುತ್ತಿಗೆ ಸುಮಾರು 23 ಕೋಟಿ ವರ್ಷ ಹಿಡಿಯುವುದಾದರೂ, ಗ್ಯಾಲಕ್ಸಿಯ ಸಾವಿರ ಕೋಟಿ ವರ್ಷಗಳ ಆಯುಸ್ಸಿನಲ್ಲಿ ಮೂಲದ ರೇಖೆಗಳು ಕದಿರಿಗೆ ಸುತ್ತಿದ ನೂಲಿನಂತೆ ಬಿಗಿದು ಹೋಗಿರಬೇಕಿತ್ತು. ಎಂ51ರಂಥ ಸುರುಳಿ ಗ್ಯಾಲಕ್ಸಿಗಳನ್ನು ರೇಡಿಯೋ ದೂರದರ್ಶಕಗಳು ಪರಿಶೀಲಿಸಿದಾಗಲಾದರೋ, ಕಾಂತರೇಖೆಗಳು ಸಡಿಲವಾಗಿ, ತೋಳುಗಳನ್ನು ಅನುಸರಿಸುತ್ತ ಹರಡಿರುವುದು ಕಂಡಿತು.

ಎರಡನೆಯ ಉತ್ತರ ಸೂರ್ಯನಿಂದ ಎರವಲು ತಂದದ್ದು. ಸೂರ್ಯನ ಕಲೆಗಳಲ್ಲಿ ಜಾರ್ಜ್ ಹೇಲ್ 1908ರಲ್ಲಿ ಕಂಡ ಕಾಂತಕ್ಷೇತ್ರವನ್ನು ವಿವರಿಸಲು, ಹರಿಯುವ ದ್ರವ್ಯವೇ ಡೈನಮೋ ಆಗಬಲ್ಲದೆಂದು ಜೋಸೆಫ್ ಲಾರ್ಮರ್ 1919ರಲ್ಲಿ ಸೂಚಿಸಿದ್ದರು. ಸೈಕಲ್ಲಿನ ಚಕ್ರಕ್ಕೆ ಉಜ್ಜಿ ದೀಪ ಹೊತ್ತಿಸುವ ಡೈನಮೋದೊಳಗೆ ಸಿದ್ಧವಾದ ಅಯಸ್ಕಾಂತವೊಂದು ಕುಳಿತಿರುತ್ತದೆ. ಲಾರ್ಮರರ ಯಂತ್ರವಾದರೆ ತಾನು ಹುಟ್ಟಿಸಿದ ವಿದ್ಯುತ್ತಿನಿಂದಲೇ ತನಗೆ ಬೇಕಾದ ಕಾಂತತ್ವವನ್ನು ಪೋಷಿಸಿಕೊಳ್ಳತಕ್ಕದ್ದು. ಅಕ್ಷದ ಸುತ್ತ ಸರಿಸಮವಾಗಿ ಹಬ್ಬಿದ ಕ್ಷೇತ್ರವನ್ನು ಯಾವ ಪ್ರವಾಹವೂ ಹೀಗೆ ಪೋಷಿಸಲಾರದೆಂದು ಥಾಮಸ್ ಕೌಲಿಂಗ್ 1934ರಲ್ಲಿ ಸಾಧಿಸಿದಾಗ ಈ ಕಲ್ಪನೆಗೆ ಬಲವಾದ ಪೆಟ್ಟು ಬಿದ್ದಿತು. ಬಿಡುಗಡೆಯ ದಾರಿ ತೋರಿಸಿದವರು ಯೂಜೀನ್ ಪಾರ್ಕರ್: ಮೇಲೇರುವ ಅನಿಲದ ಗುಳ್ಳೆಗಳು ಆವರ್ತನೆಯ ದೆಸೆಯಿಂದ ತಿರುಚಿಕೊಳ್ಳುವಾಗ ಕಾಂತರೇಖೆಗಳನ್ನೂ ತಿರುಚಿ ಹೊಸ ಕುಣಿಕೆಗಳನ್ನು ಎಬ್ಬಿಸುತ್ತವೆ, ಅಸಮವಾದ ತಿರುಗಾಟವು ಆ ಕುಣಿಕೆಗಳನ್ನು ಎಳೆದು ನೀಳಮಾಡುತ್ತದೆ ಎಂದು ಅವರು 1955ರಲ್ಲಿ ಬರೆದರು. 1966ರಲ್ಲಿ ಜರ್ಮನಿಯ ಷ್ಟೀನ್‌ಬೆಕ್, ಕ್ರೌಸೆ ಮತ್ತು ರೇಡ್ಲರ್ ಇದಕ್ಕೆ ಭದ್ರವಾದ ಗಣಿತವನ್ನು ಕಟ್ಟಿಕೊಟ್ಟರು. 1971ರಲ್ಲಿ ಪಾರ್ಕರರೂ, ಸೋವಿಯತ್ ದೇಶದಲ್ಲಿ ವೈನ್‌ಷ್ಟೈನ್ ಮತ್ತು ರುಜ್ಮೈಕಿನ್ ಜೋಡಿಯೂ ಪ್ರತ್ಯೇಕವಾಗಿ ಇದನ್ನು ಗ್ಯಾಲಕ್ಸಿಗೆ ಅನ್ವಯಿಸಿದರು. ಜರ್ಮನಿಯ ಎಫೆಲ್ಸ್‌ಬರ್ಗಿನ 100 ಮೀಟರ್ ದೂರದರ್ಶಕದಿಂದ ಆಂಡ್ರೊಮಿಡಾ ಗ್ಯಾಲಕ್ಸಿಯ ಸುತ್ತ ಒಂದೇ ದಿಕ್ಕಿಗೆ ಬಳಸುವ ಕ್ಷೇತ್ರ ಕಂಡುಬಂದದ್ದು ಈ ಪಕ್ಷಕ್ಕೆ ಅತ್ಯುತ್ತಮವಾದ ಸಾಕ್ಷಿ.

ಆದರೆ ಡೈನಮೋ ಇಲ್ಲದ್ದನ್ನು ಸೃಷ್ಟಿಸುವುದಿಲ್ಲ, ಇದ್ದುದನ್ನು ಬೆಳೆಸುತ್ತದೆ. ಹಾಲು ಎಷ್ಟಿದ್ದರೂ ಒಂದು ಚಮಚ ಹೆಪ್ಪಿಲ್ಲದೆ ಮೊಸರಾಗದು. ಈ ಹೆಪ್ಪಿನ ಒಂದು ಮೂಲವನ್ನು ಲುಡ್ವಿಗ್ ಬೀರ್ಮನ್ 1950ರಲ್ಲಿಯೇ ತೋರಿಸಿದ್ದರು. ಅನಿಲದ ಒತ್ತಡವು ಹಗುರವಾದ ಇಲೆಕ್ಟ್ರಾನುಗಳನ್ನು ಭಾರವಾದ ಪ್ರೋಟಾನುಗಳಿಗಿಂತ ಸುಲಭವಾಗಿ ತಳ್ಳುವುದಷ್ಟೆ; ಒತ್ತಡ ಏರುವ ದಿಕ್ಕೂ ಸಾಂದ್ರತೆ ಏರುವ ದಿಕ್ಕೂ ಹೊಂದದೆ ಹೋದಲ್ಲಿ ವಿದ್ಯುತ್ತು ಸುತ್ತಿ ಹರಿದು, ಕಾಂತತ್ವವೇ ಇಲ್ಲದ ಕಡೆ ಅದರ ಅಂಕುರ ಮೂಡುತ್ತದೆ. ಅದರ ಬಲ 10⁻²⁰ ಗಾಸಿನ ಸುಮಾರಿನದು. ಅದು ಇಂದಿನ ಮಟ್ಟಕ್ಕೇರಲು ನೂರಾರು ಲಕ್ಷ ಕೋಟಿ ಪಟ್ಟು ಬೆಳೆಯಬೇಕು. ಗ್ಯಾಲಕ್ಸಿಯ ಡೈನಮೋವಾದರೆ ಹತ್ತಾರು ಕೋಟಿ ವರ್ಷಗಳ ಹೆಜ್ಜೆಯಲ್ಲಿ ನಡೆಯುವ ನಿಧಾನಿ. 2023ರಲ್ಲಿ ಚಿಲಿಯ ಆಲ್ಮಾ ದೂರದರ್ಶಕವು 1,100 ಕೋಟಿ ವರ್ಷಗಳಿಗೂ ಹಿಂದಿನ ಗ್ಯಾಲಕ್ಸಿಯೊಂದರಲ್ಲಿ ಸುವ್ಯವಸ್ಥಿತ ಕ್ಷೇತ್ರವನ್ನು ಕಂಡದ್ದರಿಂದ ಈ ಸಂಕಟ ಇನ್ನಷ್ಟು ತೀಕ್ಷ್ಣವಾಯಿತು. ಕ್ಷೋಭೆಯೇ ಸಣ್ಣ ಅಳತೆಯಲ್ಲಿ ಕ್ಷೇತ್ರವನ್ನು ಅತಿವೇಗದಿಂದ ಬೆಳೆಸಬಲ್ಲದೆಂದು ಕಜಾಂತ್ಸೆವ್ 1967ರಲ್ಲಿ ಸಾಧಿಸಿದ್ದು ಇಲ್ಲಿ ನೆರವಿಗೆ ಬರುತ್ತದೆ. ಆದರೆ ಆ ಸಿಕ್ಕುಗಂಟುಗಳೇ ದೊಡ್ಡ ಡೈನಮೋದ ಕತ್ತು ಹಿಸುಕುತ್ತವೆಂಬ ಆಕ್ಷೇಪವನ್ನು 1992ರಲ್ಲಿ ಕುಲ್ಸ್‌ರುಡ್ ಮತ್ತು ಆಂಡರ್ಸನ್ ಎತ್ತಿದರು. ಗ್ಯಾಲಕ್ಸಿಯ ಬಿಲ್ಲೆಯಿಂದ ಮೇಲಕ್ಕೆ ಚಿಮ್ಮುವ ಅನಿಲವು ತೊಡಕನ್ನು ಹೊರಸಾಗಿಸಬಲ್ಲದೆಂದು 2006ರಲ್ಲಿ ವಾದಿಸಿದವರಲ್ಲಿ ಪುಣೆಯ ಕಂದಸ್ವಾಮಿ ಸುಬ್ರಮಣಿಯನ್ ಒಬ್ಬರು.

ಮೊಸರು ಗಟ್ಟಿಯಾದ ಮೇಲೆ ಹೆಪ್ಪು ಯಾರ ಮನೆಯದೆಂದು ಹೇಳಬರುವುದಿಲ್ಲ. ಆದಕಾರಣ ಸಂಶೋಧಕರ ದೃಷ್ಟಿ ಈಚೆಗೆ ಗ್ಯಾಲಕ್ಸಿಗಳೇ ಇಲ್ಲದ ಮಹಾಶೂನ್ಯಗಳತ್ತ ಹೊರಳಿದೆ. ಬ್ಲೇಜಾರ್‌ಗಳೆಂಬ ದೂರದ ಉಜ್ವಲ ಗ್ಯಾಲಕ್ಸಿಗಳ ಅತಿಶಕ್ತ ಗಾಮಾ ಕಿರಣಗಳು ದಾರಿಯಲ್ಲಿ ವಿದ್ಯುತ್ಕಣಗಳಾಗಿ ಒಡೆದು, ಆ ಕಣಗಳು ಹುಟ್ಟಿಸಿದ ಕೆಳಶಕ್ತಿಯ ಕಿರಣಗಳು ನಮ್ಮನ್ನು ಮುಟ್ಟಬೇಕಿತ್ತು. ಫರ್ಮಿಯ ಹೆಸರನ್ನೇ ಹೊತ್ತ ಅಂತರಿಕ್ಷ ದೂರದರ್ಶಕಕ್ಕೆ ಅವು ಕಾಣಲಿಲ್ಲ. ಶೂನ್ಯದ ಕಾಂತಕ್ಷೇತ್ರ ಅವುಗಳ ಜನಕ ಕಣಗಳನ್ನು ದಾರಿ ತಪ್ಪಿಸಿರಬೇಕೆಂದೂ, ಅದರ ಬಲ 3×10⁻¹⁶ ಗಾಸಿಗೆ ಕಡಮೆಯಿರಲಾರದೆಂದೂ ನೆರೋನೊವ್ ಮತ್ತು ವೋವ್ಕ್ 2010ರಲ್ಲಿ ಲೆಕ್ಕ ಹಾಕಿದರು. ಆ ಕಣಗಳ ಶಕ್ತಿಯನ್ನು ನಡುವಣ ಪ್ಲಾಸ್ಮಾವೇ ಹೀರಿಕೊಂಡಿರಬಹುದೆಂಬ ಪ್ರತಿವಾದವೂ ಇದೆ.