ಪುಣೆಯ ಕೀಲಿ, ಕನ್ನಡದ ಬೆರಳು

ಒಂದೊಂದು ಕೈಗೆ ಒಂದೊಂದು ಕೀಲಿಮಣೆ. ಯಾವ ಕೀಲಿಗೆ ಯಾವ ಅಕ್ಷರ ಎಂಬ ಕನ್ನಡ ಕಂಪ್ಯೂಟರಿನ ಹಳೆಯ ಜಗಳದ ಒಂದು ತುದಿ ಪುಣೆಯಲ್ಲಿದೆ.

1988ರಲ್ಲಿ ಪುಣೆಯಲ್ಲಿ ಆರಂಭವಾದ ಸಿ-ಡಾಕ್ ಸಂಸ್ಥೆ ಹೆಸರಾದದ್ದು 1991ರ ಪರಮ್ 8000 ಸೂಪರ್ ಕಂಪ್ಯೂಟರಿನಿಂದ. ಆದರೆ ಕಚೇರಿಯ ಮೇಜಿಗೆ ಬಂದದ್ದು ಅದರ ಜಿಸ್ಟ್ ಕಾರ್ಡು. ಐಐಟಿ ಕಾನ್ಪುರದಲ್ಲಿ ಮೊಳೆತ ತಂತ್ರದ ಈ ಕಾರ್ಡನ್ನು ಪಿಸಿಗೆ ಸಿಕ್ಕಿಸಿದರೆ ಡಾಸ್‌ನಲ್ಲೇ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಜೊತೆಗಿದ್ದ ಕೀಲಿಮಣೆ ವಿನ್ಯಾಸ ಇನ್‌ಸ್ಕ್ರಿಪ್ಟ್: ಸ್ವರ ಎಡಗೈಗೆ, ವ್ಯಂಜನ ಬಲಗೈಗೆ, ಎಲ್ಲ ಭಾಷೆಗೂ ಒಂದೇ ಜಾಗ. ಜಾಣ ಲೆಕ್ಕವೇ ಸರಿ, ಆದರೆ 'ಎನ್' ಒತ್ತಿದರೆ 'ಲ' ಬಂದರೆ ಹೊಸಬರ ಗತಿ?

ಕನ್ನಡಕ್ಕೆ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಬೇರೆ ದಾರಿ ಹಿಡಿದರು. ಅವರ ವಿನ್ಯಾಸದಲ್ಲಿ 'ಎನ್' ಎಂದರೆ 'ನ'ವೇ. ಸ್ವರಕ್ಕೂ ಅದರ ಗುಣಿತಕ್ಕೂ ಒಂದೇ ಕೀಲಿ; ಒತ್ತಕ್ಷರಕ್ಕೆ 'ಎಫ್'. 'ಕನ್ನಡ' ಎಂದು ಮೂಡಿಸಲು ಕೆ, ಎನ್, ಎಫ್, ಎನ್, ಡಬ್ಲ್ಯು. ಇನ್‌ಸ್ಕ್ರಿಪ್ಟ್‌ನಲ್ಲಿ ಕೆ, ವಿ, ಡಿ, ವಿ, ಆಮೇಲೆ ಚೌಕ ಆವರಣದ ಕೀಲಿ. ಎರಡರಲ್ಲೂ ಐದೇ ಒತ್ತು! ಶ್ರಮದ ಲೆಕ್ಕಕ್ಕಿಂತ ಬೆರಳಿನ ರೂಢಿಯೇ ಇಲ್ಲಿ ದೊಡ್ಡದು.

1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಬರೆದರೆ ಸಾಕು. ಪರದೇಶದ ಕನ್ನಡಿಗರಿಗೆ ಅದು ಸಲೀಸಾಯಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ರಾವ್ ವಿನ್ಯಾಸವನ್ನು ಸರ್ಕಾರಿ ಕಚೇರಿಗಳಿಗೆ ಒಯ್ದಿತು.

ಪುಣೆಯ ಕಾರ್ಡಿನ ಜೊತೆ ಬಂದ ವಿನ್ಯಾಸ ಸೋತು ಹೋಗಲಿಲ್ಲ. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಸೇರಿಸಿ ನೋಡಿ, ಅಲ್ಲಿ ಇಂದಿಗೂ ಇನ್‌ಸ್ಕ್ರಿಪ್ಟ್ ಇದೆ.